ನಿದ್ದಣ್ಣ

ಷಡಕ್ಷರಿ ಏಣಿಯ ಮೇಲೆ ನಿಂತು ಫ್ಲೆಕ್ಸಿನ ಮೇಲಿನ ತುದಿಯನ್ನು ಲೈಟು ಕಂಬಕ್ಕೆ ಬಿಗಿಯುತ್ತಿದ್ದ. ಕೊಳ್ಳೇಗಾಲದ ಬಸ್ಸಿಳಿದು ಬಂದ ನಾಗಶ್ರೀ ಅದರ ಕೆಳಗೆ ನಿಂತುಬಿಟ್ಟಳು. ಫ್ಲೆಕ್ಸಿನ ತುಂಬ ಅವಳೇ ಬರೆದ ಚಿತ್ರ. ದೊಡ್ಡ ಮರದ ಬುಡಕ್ಕೆ ಒರಗಿ, ಬಾಯಿ ತೆರೆದು ಗೊರಕೆ ಹೊಡೆಯುತ್ತಿರುವ ನೀರುಗಂಟಿ. ಅವನ ಕಾಲಬುಡದ ವಾಲ್ವಿನಿಂದ ಚಿಮ್ಮುತ್ತಿದ್ದ ನೀರನ್ನು ಅಳಿಸಿ ಆ ಜಾಗದಲ್ಲಿ ಯಾರೋ ಎರಡು ದೀಪ ಕೂರಿಸಿದ್ದರು. ಕೆಳಗೆ ದಪ್ಪ ಅಕ್ಷರದಲ್ಲಿ 'ನಿದ್ದಣ್ಣನವರಿಗೆ ಭಾವಪೂರ್ಣ ಶ್ರದ್ಧಾಂಜಲಿ' ಎಂದಿತ್ತು. ಕೆಂಪನಂಜಪ್ಪ ಎಂಬ ಹೆಸರು ಎಲ್ಲೂ ಇರಲಿಲ್ಲ.

ಕೆಂಪನಂಜಪ್ಪ ಅವಳ ಸೋದರತ್ತೆಯ ಗಂಡ. ಬಂಡಳ್ಳಿಯ ಬೀದಿಗಳಿಗೆ ಮೂವತ್ತೆಂಟು ವರ್ಷ ನೀರು ಬಿಟ್ಟವನು. ಹಿಂದಿನ ಸಂಜೆ ಕೊನೆಯ ಬೀದಿಯ ವಾಲ್ವು ಮುಚ್ಚಿ ಮನೆಗೆ ಬಂದು, ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕೂತವನು ಮತ್ತೆ ಏಳಲಿಲ್ಲ.

ಪಂಚಾಯಿತಿ ಮೆಂಬರಾದ ಷಡಕ್ಷರಿ ಏಣಿಯಿಂದಿಳಿದು ಕೈ ಒರೆಸಿಕೊಂಡ. "ಒಂದು ಫೋಟೋನೂ ಸಿಕ್ಕನಿಲ್ಲ ಕಣವ್ವ. ಆಧಾರ್ ಕಾರ್ಡಲ್ಲಿ ಮುಖನೇ ಕಾಣಲ್ಲ. ಅದ್ಕೇ ಫೋನಲ್ಲಿದ್ದ ನಿನ್ ಪಟನೇ ಆಕುಸ್ದೆ. ನೋಡಿದ್ರೆ ಯಾರ್ಗಾದ್ರೂ ಗುರ್ತು ಸಿಕ್ತದೆ," ಎಂದ.

ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಬಿಚ್ಚಿಸಿ ಎನ್ನದೆ ಅವಳು ಅತ್ತೆಯ ಮನೆಯ ಕಡೆ ನಡೆದಳು.

*

ಮೈಸೂರಿನಲ್ಲಿ ಚಿತ್ರಕಲೆ ಓದಿದ ನಾಗಶ್ರೀ ಡ್ರಾಯಿಂಗ್ ಮೇಷ್ಟರ ಕೆಲಸ ಬೇಡವೆಂದು ಕೊಳ್ಳೇಗಾಲದಲ್ಲಿ ಮಹಡಿಯ ಮೇಲೊಂದು ಕೋಣೆ ಹಿಡಿದಿದ್ದಳು. ಯಾರ ಕೈಕೆಳಗೂ ಇಲ್ಲದೆ, ಕಾಮಿಕ್ಸ್ ಚಿತ್ರಕಥೆ ಬರೆದೇ ಬದುಕಬೇಕು ಎಂಬುದು ಅವಳ ಹಟ. ಮದುವೆ ಕಾಗದಕ್ಕೆ ಗಂಡುಹೆಣ್ಣಿನ ವ್ಯಂಗ್ಯಚಿತ್ರ, ಟ್ಯೂಷನ್ನಿನವರಿಗೆ ಗೈಡಿನ ಚಿತ್ರ, ಹೀಗೆ ಸಿಕ್ಕಿದ್ದನ್ನೆಲ್ಲ ಬರೆದಳು. ಮಿಕ್ಕ ಹೊತ್ತಿನಲ್ಲಿ ತನ್ನದೇ ಪುಸ್ತಕ ಮಾಡಿ, ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿ, ತಾನೇ ಪಿನ್ನು ಹೊಡೆದು, ಅಂಚೆಗೆ ಹಾಕುತ್ತಿದ್ದಳು. ಮೊದಲ ಎರಡು ಪುಸ್ತಕಗಳನ್ನು ಗೆಳತಿಯರ ಹೊರತು ಯಾರೂ ಕೊಳ್ಳಲಿಲ್ಲ.

ಮೂರನೆಯದಕ್ಕೆ ಅವಳಿಗೆ ಮಾವನ ಕತೆ ನೆನಪಾಯಿತು. ಬಂಡಳ್ಳಿಯಲ್ಲಿ ಎಲ್ಲರೂ ಹೇಳಿ ನಗುತ್ತಿದ್ದ ಕತೆ. ಅವಳು ಹುಟ್ಟುವ ಮೊದಲು, ಊರಿನ ಯಜಮಾನರ ಮನೆಯ ಮದುವೆಯ ದಿನ, ಕೆಂಪನಂಜಪ್ಪ ಕೆಳಬೀದಿಯ ವಾಲ್ವು ತೆರೆದವನು ಮುಚ್ಚಲಿಲ್ಲ. ಟ್ಯಾಂಕಿನ ನೀರೆಲ್ಲ ಹೊಲಕ್ಕೆ ಹರಿದು, ಮದುವೆಮನೆಯಲ್ಲಿ ಕೈತೊಳೆಯಲೂ ನೀರಿಲ್ಲದೆ ಹನೂರಿನಿಂದ ಟ್ಯಾಂಕರ್ ತರಿಸಬೇಕಾಯಿತು. ಮಾರನೆಯ ದಿನ ಪಂಚಾಯಿತಿ ಮುಂದೆ ನಿಲ್ಲಿಸಿ ಕೇಳಿದರೆ ಅವನು ಅಂದದ್ದು ಒಂದೇ ಮಾತು: "ನಿದ್ದೆ ಬಂದ್ಬುಡ್ತು."

ನಾಗಶ್ರೀ ಹೆಸರು ಬದಲಿಸಿ 'ನಿದ್ದಣ್ಣ' ಎಂದು ಬರೆದಳು. ಮಾವನನ್ನು ಒಂದು ಮಾತೂ ಕೇಳಲಿಲ್ಲ. ಆ ಮೂಗು, ಒಂದು ಕಡೆ ಮೊಟಕಾದ ಆ ಮೀಸೆ ನೋಡಿದವರಿಗೆ ಇನ್ನೇನೂ ಹೇಳಬೇಕಿರಲಿಲ್ಲ. ಪುಟಗಳು ಫೋನಿನಿಂದ ಫೋನಿಗೆ ಹಾರಿದವು. ತಿಂಗಳೊಪ್ಪತ್ತಿನಲ್ಲಿ ಬೆಂಗಳೂರಿನ ಪ್ರಕಾಶಕರೊಬ್ಬರು ಕರೆ ಮಾಡಿ, ನಿದ್ದಣ್ಣನದೇ ಇನ್ನಷ್ಟು ಪುಸ್ತಕ ಬೇಕು ಎಂದರು.

ಆ ವರ್ಷವೇ ಮಾವ ಅವಳ ಕೋಣೆಗೆ ಬಂದಿದ್ದ. ಒಂದು ಚೀಲ ಅವರೆಕಾಯಿ ಇಳಿಸಿ, ಬಾಗಿಲ ಬಳಿಯೇ ಕೂತ. ಅವಳು ಕಂಪ್ಯೂಟರ್ ಪರದೆಯಿಂದ ಮುಖ ತೆಗೆಯದೆ ಬಣ್ಣ ತುಂಬುತ್ತ, ಪುಸ್ತಕ ನೋಡಿದೆಯಾ ಮಾವ ಎಂದು ಕೇಳಿದಳು.

"ನೋಡ್ದೆ. ಮೂಗು ಚೆಂದಾಗಿ ಬಂದದೆ," ಎಂದ. ಆಮೇಲೆ ಚೀಲದ ಬಾಯಿ ಬಿಚ್ಚುತ್ತ, "ಇನ್ನ ಬ್ಯಾರೆ ಯಾರ್ನಾದ್ರೂ ಬರಿ ಮಗ. ನಾನ್ ಬೀದೀಗ್ ಬಂದ್ರೆ ಐಕ್ಳು ಗೊರ್ಕೆ ಹೊಡೀತವೆ, ಅದ್ಕಲ್ಲ. ನಿಮ್ಮತ್ತೆ ಕಿವಿಗೂ ಬೀಳ್ತದಲ್ಲ, ಅದ್ಕೆ," ಎಂದ.

ಆಗಲಿ ಮಾವ ಎಂದಳು. ಆಗ ನಿದ್ದಣ್ಣನ ಎರಡನೆಯ ಪುಸ್ತಕ ಅರ್ಧ ಮುಗಿದಿತ್ತು. ಅದು ಬಂತು, ಮೂರನೆಯದೂ ಬಂತು. ಆಮೇಲೆ ಅವಳು ಬಂಡಳ್ಳಿಗೆ ಹೋಗುವುದನ್ನೇ ಬಿಟ್ಟಳು. ಫೋನು ಮಾಡಿದರೆ ಅತ್ತೆಯ ಹತ್ತಿರ ಮಾತ್ರ ಮಾತಾಡಿ ಇಟ್ಟುಬಿಡುತ್ತಿದ್ದಳು.

*

ಹೆಣವನ್ನು ಹೂವು ಕಟ್ಟಿದ ಬಿದಿರಿನ ವಿಮಾನದಲ್ಲಿ ಕೂರಿಸಿ, ಹಣೆ ತುಂಬ ವಿಭೂತಿ ಬಳಿದು, ಹನ್ನೊಂದು ಗಂಟೆಗೆ ಎತ್ತಿದರು. ನಾಗಶ್ರೀ ಹೆಂಗಸರ ಹಿಂದೆ ನಡೆದಳು. ಊರು ದಾಟಿದ ಮೇಲೆ ಟ್ಯಾಂಕಿನ ಹತ್ತಿರ ಹೊತ್ತವರು ಹೆಗಲು ಬದಲಿಸಲು ನಿಂತರು. ಇಲ್ಲೇ ಕಣವ್ವ ನಿಮ್ಮಾವ ವಾಲ್ವು ತಿರುಗಿಸುತ್ತಿದ್ದುದು ಎಂದು ಪಕ್ಕದ ಮುದುಕಿ ತೋರಿಸಿದಳು.

ಕಬ್ಬಿಣದ ಮುಚ್ಚಳ ಹಾಕಿದ ಒಂದು ಗುಂಡಿ, ಪಕ್ಕದಲ್ಲಿ ಒಂದು ಕಲ್ಲು. ಸುತ್ತ ಬರೀ ಬಯಲು. ಅಲ್ಲಿ ಮರವಿರಲಿಲ್ಲ. ಮುಂಚೆ ಇತ್ತೇ ಎಂದು ಕೇಳಿದಳು. ಈ ಉಪ್ಪುನೆಲದಲ್ಲಿ ಯಾವ ಮರ ಬಂದೀತು ಎಂದಳು ಮುದುಕಿ. ಮೂರು ಪುಸ್ತಕ ಬರೆದ ನಾಗಶ್ರೀ ಒಂದು ಸಲವಾದರೂ ಇಲ್ಲಿಗೆ ಬಂದು ನೋಡಿರಲಿಲ್ಲ. ಅಷ್ಟು ಹೊತ್ತಿಗೇ ಕಲ್ಲು ಕಾದು ಕೆಂಡವಾಗಿತ್ತು.

ಹೊಲದ ಮೂಲೆಯಲ್ಲಿ ತೋಡಿದ ಗುಂಡಿಗೆ ಇಳಿಸಿ, ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ, ಪತ್ರೆ, ಉಪ್ಪು ತುಂಬಿದರು. ಮಣ್ಣು ಎಳೆಯುವಾಗ ಯಾರೋ, "ಇನ್ನಾದ್ರೂ ನಿದ್ದಣ್ಣ ನೆಮ್ಮದಿಯಾಗಿ ಮಲಿಕಳ್ಲಿ," ಎಂದರು. ಅಳುತ್ತಿದ್ದ ಒಬ್ಬಿಬ್ಬರು ನಗು ತಡೆಯಲಾರದೆ ಮುಖ ತಿರುಗಿಸಿದರು. ಸಾವಿನಲ್ಲೂ ಅವರಿಗೆ ಆ ನಗು ಕಲಿಸಿದವಳು ತಾನೇ ಎಂದು ಅವಳಿಗೆ ಅನ್ನಿಸಿತು. ಒಂದು ಹಿಡಿ ಮಣ್ಣು ಹಾಕಲು ಮುಂದೆ ಹೋದವಳು ಹಾಗೇ ಹಿಂದೆ ಬಂದಳು.

*

ಮಧ್ಯಾಹ್ನ ಬಂಧುಗಳು ಕೈಕಾಲು ತೊಳೆದು, ಹೆಣ ಕೂರಿಸಿದ್ದ ಜಾಗದ ದೀಪ ನೋಡಿಕೊಂಡು ಹೋದರು. ಮನೆಯಲ್ಲಿ ಅತ್ತೆ ಮಹಾಲಕ್ಷ್ಮಮ್ಮ, ನಾಗಶ್ರೀ ಇಬ್ಬರೇ ಉಳಿದರು. ಬೆಳಗ್ಗೆಯಿಂದ ಗೋಡೆಗೊರಗಿ ಕೂತಿದ್ದ ಅತ್ತೆ ಎದ್ದು, ಟ್ರಂಕಿನಿಂದ ಪ್ಲಾಸ್ಟಿಕ್ ಕವರಿನ ಒಂದು ಗಂಟು ತಂದಳು. ಒಳಗೆ ನಿದ್ದಣ್ಣನ ಮೊದಲ ಪುಸ್ತಕ. ತಿರುಗಿಸಿ ತಿರುಗಿಸಿ ಅಂಚು ಬಟ್ಟೆಯಂತೆ ಮೆತ್ತಗಾಗಿತ್ತು.

ನಾಗಶ್ರೀ, ತಪ್ಪಾಯಿತು ಅತ್ತೆ ಎನ್ನಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆಯೇ ಅವಳ ಕೆನ್ನೆಗಳನ್ನು ಸವರಿ ನೆಟಿಗೆ ಮುರಿದಳು.

"ನನ್ ಮಾನ ಉಳುಸ್ದೆ ಕಣ್ ಮಗ. ಇಷ್ಟ್ ದಿನ ಯೋಳಕ್ಕೇ ಆಗ್ನಿಲ್ಲ."

ಅತ್ತೆ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

"ಆ ಮದ್ವೆ ದಿನ ನಾ ಎಲ್ಲಿಗೋಗಿದ್ದೆ ಅಂತ ನಿಮ್ಮಾವ ನಿಂಗೆ ಯೋಳಿದ್ನಲ್ಲ. ಮೂರ್ನೇ ಮಗಿನೂ ತೀರೋಗಿ ಹತ್ ದಿನ ಆಗಿತ್ತು. ಮದ್ವೆಮನೆ ವಾಲ್ಗ ಕೇಳಕ್ಕಾಗ್ನಿಲ್ಲ. ಬಾವಿ ಕಡೀಕ್ ನಡ್ದೆ. ಅಂವ ಟ್ಯಾಂಕ್ ತಾವಿಂದ ನೋಡಿ, ತಿರುವ್ತಾ ಇದ್ದುದ್ ಬುಟ್ಟು ಓಡ್ಬಂದ. ಸಂಜೆಗಂಟ ಬಾವಿಕಟ್ಟೆ ಮ್ಯಾಲೆ ನನ್ ಸೆರಗ ಕೈಗ್ ಸುತ್ಕಂಡು ಕೂತಿದ್ದ. ಒಂದ್ ಮಾತಾಡ್ನಿಲ್ಲ."

ಊರು ಕೇಳಿದಾಗ ನಿದ್ದೆ ಬಂತು ಅಂದುಬಿಟ್ಟ ಎಂದಳು. ಪುಸ್ತಕ ಬಂದಾಗ, ಊರೆಲ್ಲ ಮತ್ತೆ ಆ ದಿನದ ಮಾತು ಎತ್ತಿದ್ದಕ್ಕೆ ಅವಳು ಎರಡು ದಿನ ಊಟ ಬಿಟ್ಟಿದ್ದಳಂತೆ. ಆಗ ಗಂಡ ಪಕ್ಕದಲ್ಲಿ ಕೂತು, ಓದು ಬಾರದ ಅವಳಿಗೆ ಒಂದೊಂದೇ ಚಿತ್ರ ತೋರಿಸಿ ಸಮಾಧಾನ ಮಾಡಿದ್ದ.

"ನಾಗಶ್ರೀಗೆ ಎಲ್ಲಾ ಯೋಳಿವ್ನಿ, ನಿನ್ ಮಾತು ಆಚೆ ಬರ್ಬಾರ್ದು ಅಂತ್ಲೇ ಮರ ಬರ್ದವ್ಳೆ, ನಿದ್ದೆ ಬರ್ದವ್ಳೆ, ನಮ್ ಐಕ್ಳು ಇದ್ದಿದ್ರೂ ಇಷ್ಟ್ ಮಾಡ್ತಿರ್ನಿಲ್ಲ ಅಂದ," ಎಂದು ಹೇಳಿ ಅತ್ತೆ ಅವಳ ಮುಖ ನೋಡಿದಳು. "ಯೋಳಿದ್ದ ತಾನೆ?"

ನನಗೇನೂ ಗೊತ್ತಿರಲಿಲ್ಲ, ಜನ ನಗಲಿ ಅಂತ ಬರೆದೆ, ನಕ್ಕ ಮೇಲೆ ಬಿಡಲಾರದೆ ಬರೆದೆ. ಅಷ್ಟು ಹೇಳಿಬಿಟ್ಟರೆ ತನ್ನ ಎದೆ ಹಗುರಾಗುತ್ತಿತ್ತು. ಆದರೆ ಮಣ್ಣು ಮಾಡಿ ಎರಡು ತಾಸೂ ಆಗದ ಮನುಷ್ಯ ಹೆಂಡತಿಗೆ ಸುಳ್ಳು ಹೇಳಿದ್ದ ಎಂದಾಗುತ್ತಿತ್ತು.

"ಹೂಂ ಅತ್ತೆ, ಹೇಳಿದ್ದ," ಎಂದಳು.

ಅತ್ತೆ ಉಸಿರು ಬಿಟ್ಟಳು. ಪುಸ್ತಕವನ್ನು ಜೋಪಾನವಾಗಿ ಕವರಿಗೆ ಸೇರಿಸಿದಳು. "ಒಂದ್ ಪಟ ಬರ್ಕೊಡು ಮಗ. ದೀಪದ್ ತಾವ ಮಡಗ್ತೀನಿ. ಆಚೆ ಕಟ್ಟಿರಾದ್ ಬ್ಯಾಡ. ಕಣ್ ಬುಟ್ಕಂಡಿರಾದ್ ಬರಿ."

ನಾಗಶ್ರೀ ಬ್ಯಾಗಿನಿಂದ ಹಾಳೆ, ಪೆನ್ಸಿಲು ತೆಗೆದಳು. ಹಣೆ ಬಂತು, ಹಣೆಯ ಮೇಲಿನ ವಿಭೂತಿ ಬಂತು. ಮೂಗು, ಮೀಸೆ, ಅಗಲ ಕಿವಿ, ಹೆಗಲ ಮೇಲಿನ ಟವಲು ಎಲ್ಲವೂ ಕೈಗೆ ಗೊತ್ತಿದ್ದವು. ಪೆನ್ಸಿಲು ಮತ್ತೆ ಮೇಲೆ ಹೋಗಿ ನಿಂತಿತು. ಮೂರು ಪುಸ್ತಕಗಳ ಉದ್ದಕ್ಕೂ ಆ ಜಾಗದಲ್ಲಿ ಅವಳು ಎರಡು ಬಾಗಿದ ಗೆರೆ ಎಳೆದಿದ್ದಳು, ಅಷ್ಟೆ. ಮಾವನ ಕಣ್ಣು ಸಣ್ಣವೋ, ಒಳಕ್ಕಿಳಿದವೋ, ರೆಪ್ಪೆ ನೆರೆತಿದ್ದವೋ, ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

"ಬೆಳಕ್ ಸಾಲ್ದಾ ಮಗ?" ಎಂದಳು ಅತ್ತೆ.

ಅವಳೇ ಎದ್ದು ಹೋಗಿ ಕಿಟಕಿಯ ಎರಡೂ ಬಾಗಿಲು ತೆರೆದಳು. ಮಧ್ಯಾಹ್ನದ ಬಿಸಿಲು ನೇರವಾಗಿ ಹಾಳೆಯ ಮೇಲೆ, ಕಣ್ಣಿಲ್ಲದ ಮುಖದ ಮೇಲೆ ಬಿತ್ತು.