ಒಳಚಿಲಕವಿಲ್ಲದ ಸ್ಟುಡಿಯೋ

ಸಾಮಾನು ಇಡುವ ಕೋಣೆಗೆ ಯಾರೂ ಒಳಚಿಲಕ ಇಡಿಸುವುದಿಲ್ಲ. ಕಂಬಳಿಗಳೇನು ಬಾಗಿಲು ಹಾಕಿಕೊಂಡು ಮಲಗುತ್ತವೆಯೇ? ತಾಳ್ಯದಲ್ಲಿ ನನ್ನ ಅಜ್ಜಿ ದುರುಗಕ್ಕನ ಕಂಬಳಿ ಕೋಣೆಗೂ ಇದ್ದದ್ದು ಹೊರಗಿನ ಒಂದೇ ಚಿಲಕ. ಎಲೆಕ್ಟ್ರಾನಿಕ್ಸ್ ಓದಿದ ನಾನು ಆ ಕೋಣೆಯ ಪ್ಲಗ್ಗು, ವೈರು, ಅರ್ಥಿಂಗು ಎಲ್ಲವನ್ನೂ ಪರೀಕ್ಷಿಸಿದ್ದೆ. ಬಾಗಿಲನ್ನು ಮಾತ್ರ ನಂಬಿಬಿಟ್ಟೆ.

ನಾನು ಚೇತನ್‌ಕುಮಾರ್. ವಾರವೆಲ್ಲ ಹೊಸದುರ್ಗದ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಲ್ಯಾಬ್ ನೋಡಿಕೊಳ್ಳುತ್ತೇನೆ, ಭಾನುವಾರ ಸಂಗೀತಗಾರ. ವೀಣೆ, ಪಿಟೀಲು ಅಲ್ಲ. ಗುಂಡಿಗಳಿರುವ ಒಂದು ಪೆಟ್ಟಿಗೆ. ಒಂದೊಂದು ಗುಂಡಿಯೊಳಗೆ ಒಂದೊಂದು ಸದ್ದು ತುಂಬಿ, ಬೆರಳಿನಿಂದ ಕುಟ್ಟಿ, ಸದ್ದಿನ ಮೇಲೆ ಸದ್ದು ಹೇರಿ, ಎಲ್ಲದರ ಮೇಲೆ ಮೈಕಿನಲ್ಲಿ ನನ್ನ ಬಾಯಿ. ಬಸ್ ಕಂಡಕ್ಟರು, ಕುಕ್ಕರು, ಪ್ರಿನ್ಸಿಪಾಲರ ಕೆಮ್ಮು, ಪಂಚಾಯಿತಿಯ ಕಸದ ಗಾಡಿ. ಬಾಯಿಗೆ ಬಂದಂತೆ ಆಡುವುದೇ ನನ್ನ ಕಲೆ. ನಡುವೆ ಎಲ್ಲೂ ಕತ್ತರಿ ಹಾಕದೆ ಒಂದೇ ಓಟದಲ್ಲಿ ನುಡಿಸಿ, ವಿಡಿಯೋ ಮಾಡಿ ನೆಟ್ಟಿಗೆ ಹಾಕುತ್ತೇನೆ. ಹೊಸದುರ್ಗದಲ್ಲಿ ನಮ್ಮ ಮನೆ ಬಸ್ ಸ್ಟ್ಯಾಂಡಿನ ಬೆನ್ನಿಗೇ ಇದೆ. ಅಲ್ಲಿ ನಾನು ಏನು ನುಡಿಸಿದರೂ ಕೊನೆಗೆ ಹಾಡುವುದು ಚಿತ್ರದುರ್ಗದ ಬಸ್ಸು.

ಕಂಬಳಿ ಕೋಣೆಯಲ್ಲಿ ಹಾಗಿಲ್ಲ. ನಾಲ್ಕೂ ಗೋಡೆಗೆ ಬಿದಿರು ಗಳ, ಗಳದ ತುಂಬ ಕಂಬಳಿ. ಬರಿಗೋಡೆ ಸದ್ದನ್ನು ವಾಪಸ್ ಉಗುಳುತ್ತದೆ, ಉಣ್ಣೆ ಉಣ್ಣುತ್ತದೆ. ಕುರಿಯ ವಾಸನೆಯೊಂದನ್ನು ಸಹಿಸಿಕೊಂಡರೆ ಇಂಥ ನಿಶ್ಶಬ್ದ ಇಡೀ ಜಿಲ್ಲೆಯಲ್ಲಿ ಇನ್ನೆಲ್ಲೂ ನನಗೆ ಸಿಕ್ಕಿಲ್ಲ. ನಡುವಿನ ಗಳಕ್ಕೆ ಫೋನನ್ನು ಬೋರಲಾಗಿ ಕಟ್ಟಿದರೆ ಮೇಲಿನಿಂದ ನನ್ನ ಎರಡು ಕೈ, ಪೆಟ್ಟಿಗೆ, ಇಷ್ಟೇ ಚಿತ್ರಕ್ಕೆ ಬೀಳುತ್ತದೆ. ಸದ್ದಿಗೆ ಫೋನನ್ನು ನಂಬುವುದಿಲ್ಲ. ಅದು ಪೆಟ್ಟಿಗೆಯಿಂದ ವೈರಿನಲ್ಲಿ ನೇರ ಹಳೆಯ ಲ್ಯಾಪ್‌ಟಾಪಿಗೆ ಹೋಗುತ್ತದೆ. ಶುರುವಿಗೆ ಒಂದು ಚಪ್ಪಾಳೆ ತಟ್ಟುತ್ತೇನೆ. ಆಮೇಲೆ ಚಿತ್ರದ ಚಪ್ಪಾಳೆಗೂ ಸದ್ದಿನ ಚಪ್ಪಾಳೆಗೂ ಗಂಟು ಹಾಕಿದರೆ ಎರಡೂ ಜೊತೆಯಾಗಿ ನಡೆಯುತ್ತವೆ. ನನ್ನ ಸಂಗೀತಕ್ಕೆ ಖಾತ್ರಿಯಾಗಿ ಬೀಳುವ ಚಪ್ಪಾಳೆ ಅದೊಂದೇ. ಊರವರು ಈ ಕೋಣೆಯನ್ನು ‘ಸುಡಿಯೋ’ ಅನ್ನುತ್ತಾರೆ. ಮೇಲಿರುವುದು ತಗಡಿನ ಶೀಟು, ಆದ್ದರಿಂದ ನಾನು ತಿದ್ದಲು ಹೋಗಿಲ್ಲ.

ಸಂಗೀತವೆಲ್ಲ ನನ್ನ ಹೆಡ್‌ಫೋನಿನ ಒಳಗೆ. ಹೊರಗಿನವರಿಗೆ ಕೇಳುವುದು ನನ್ನ ಬಾಯಿ ಮಾತ್ರ. ತಾಳವಿಲ್ಲ, ಮೇಳವಿಲ್ಲ, ಮುಚ್ಚಿದ ಬಾಗಿಲ ಹಿಂದೆ ಒಬ್ಬ ಗಂಡಸು “ಹೊಳಲ್ಕೆರೆ ಹೊಳಲ್ಕೆರೆ ಹೊಳಲ್ಕೆರೆ, ರೈಟ್!” ಎಂದು ಅರಚುತ್ತಿರುತ್ತಾನೆ. ಮೊದಮೊದಲು ಅಜ್ಜಿ ಪ್ರತಿಯೊಂದಕ್ಕೂ “ಏನಪ್ಪ, ಕರದ್ಯಾ?” ಅನ್ನುತ್ತಿದ್ದಳು, ಅದೂ ರೆಕಾರ್ಡ್ ಆಗುತ್ತಿತ್ತು. ಅದಕ್ಕೇ ಒಂದು ಕಾನೂನು ಮಾಡಿದೆ. ಈ ಕೋಣೆಯಿಂದ ಯಾವ ದನಿ ಬಂದರೂ ಮರುಮಾತಾಡಕೂಡದು. ಬಾಗಿಲು ಬಡಿದರೂ ತೆಗೆಯಕೂಡದು, ಏಕೆಂದರೆ ಒಂದು ಹಾಡಿಗೆ ಬಾಗಿಲನ್ನೇ ಡೊಳ್ಳು ಮಾಡಿಕೊಂಡಿದ್ದೆ. ಮೇಕೆ ನುಗ್ಗದಂತೆ ಹೊರಗಿನಿಂದ ಚಿಲಕ ಹಾಕಬೇಕು. ಮುಗಿದ ಮೇಲೆ ನಾನು ಅವಳ ಫೋನಿಗೆ ಮಿಸ್ಡ್ ಕಾಲ್ ಕೊಡುತ್ತೇನೆ, ಆಗ ತೆಗೆಯಬೇಕು. ಅಜ್ಜಿ ಈ ಕಾನೂನನ್ನು ವ್ರತದ ಹಾಗೆ ಪಾಲಿಸುತ್ತಿದ್ದಳು.

ಆ ಭಾನುವಾರ ಮಧ್ಯಾಹ್ನ ಚಿಲಕ ಬಿತ್ತು. ಫೋನು ಕಟ್ಟಿದೆ, ಲ್ಯಾಪ್‌ಟಾಪ್ ಚಾಲೂ ಮಾಡಿದೆ, ಚಪ್ಪಾಳೆ ತಟ್ಟಿದೆ. ನುಡಿಸಲು ಶುರು ಮಾಡಿ ಒಂದೆರಡು ಸುತ್ತು ಬರುವಷ್ಟರಲ್ಲಿ ಹೆಡ್‌ಫೋನಿನಲ್ಲಿ ನಾನು ತುಂಬಿರದ ಒಂದು ದನಿ ಕೇಳಿತು.

“ಬರ್ರಿ ಹನುಮಂತಪ್ನೋರೆ, ಕುಂತ್ಕಳ್ರಿ. ಇದೇ ನೋಡ್ರಿ ಕ್ವಾಣೆ.”

ಬಾಗಿಲ ಸಂದಿಗೆ ಕಂಬಳಿ ಸುರುಳಿ ಒತ್ತುವುದನ್ನು ಮರೆತಿದ್ದೆ. ಮೈಕು ಸಂದಿಯ ಹತ್ತಿರವೇ ಇತ್ತು, ಅದರ ಕಿವಿಯನ್ನೂ ಚುರುಕಾಗಿಸಿ ಇಟ್ಟಿದ್ದೆ. ಜಗುಲಿಯ ಮಾತು ನನ್ನ ತಲೆಯೊಳಗೇ ನಡೆಯುತ್ತಿರುವ ಹಾಗೆ ಕೇಳುತ್ತಿತ್ತು. ಮಾತಾಡಿದವನು ನಮ್ಮ ದೊಡ್ಡಪ್ಪ, ದೊಡ್ಡತಿಮ್ಮಪ್ಪ. ಅವನ ಅಪ್ಪ, ಅಂದರೆ ನನ್ನ ತೀರಿಹೋದ ತಾತ, ಸಣ್ಣತಿಮ್ಮಪ್ಪ. ನಮ್ಮ ಮನೆಯಲ್ಲಿ ಗಾತ್ರ ಹಿಂದುಮುಂದು.

“ಒಳ್ಳೆ ಒಣಾ ಜಾಗ,” ಅಂದ ಬಂದಾತ. “ನಮ್ಮ ಹಿರಿಯೂರಿಂದ ದಿನಾ ಲಾರಿ ತರೋಕಾಗಲ್ಲ ನೋಡ್ರಿ. ಈ ಕಡೆ ಕೊಂಡ ಕಾಯಿನೆಲ್ಲ ಇಲ್ಲೇ ಗುಡ್ಡೆ ಹಾಕಿದ್ರೆ ನಮಗೂ ಅನುಕೂಲ.”

“ಅವ್ವಾ, ಕಂಬಳಿ ಇಟ್ರೆ ನುಸಿ ತಿಂತವೆ. ಕಾಯಿ ಇಟ್ರೆ ನಾವು ತಿಂತೀವಿ. ಏನಂತೀಯ?”

ನನ್ನ ಬೆರಳು ಗುಂಡಿಯ ಮೇಲೆ ನಿಂತವು. ಈ ಕೋಣೆ ಬಾಡಿಗೆಗೆ ಹೋಗಿ ತೆಂಗಿನಕಾಯಿಯ ಪಾಲಾದರೆ ನನಗೆ ಬೇರೆ ಕೋಣೆಯಿಲ್ಲ, ಬೇರೆ ನಿಶ್ಶಬ್ದವಿಲ್ಲ. ಚಿತ್ರದುರ್ಗದಲ್ಲಿ ಸ್ಟುಡಿಯೋ ಬಾಡಿಗೆಗೆ ಹಿಡಿಯುವ ಸಂಬಳ ನನ್ನದಲ್ಲ.

ಅಜ್ಜಿಯ ದನಿ ಬಂತು. “ಕ್ವಾಣೆ ನಂದೇ ಬಿಡು. ಆದ್ರೆ ಆ ಹುಡುಗ ಅದ್ರಾಗೆ ಏನೋ ಮಾಡ್ಕಂತಾ ಅವ್ನೆ. ಅವನ್ನ ಒಂದು ಮಾತು ಕೇಳಾಣ.”

“ಕೇಳಿದೀನಿ ಕಣವ್ವ. ಆಯ್ತು ಬಿಡು ದೊಡ್ಡಪ್ಪ, ಅಂದ.”

“ಸುಳ್ಳು!” ಎಂದು ಕೂಗಿದೆ. “ಅಜ್ಜೀ, ಕೇಳೇ ಇಲ್ಲ! ಬಾಗ್ಲು ತಗಿ!”

“ಒಳಗೆ ಯಾರೋ ಕೂಗ್ತಾ ಅವ್ರಲ್ರೀ?” ಅಂದ ಹನುಮಂತಪ್ಪ.

ಅಜ್ಜಿ ದನಿ ತಗ್ಗಿಸಿದಳು. “ಶ್ಶ್. ಅದು ರೆಕಾರ್ಡಿಂಗು. ಮೆತ್ತಗೆ ಮಾತಾಡ್ರಿ, ಕೆಡ್ತೈತಂತೆ.”

ಬಾಗಿಲು ಗುದ್ದಿದೆ. “ಡೊಳ್ಳು,” ಎಂದು ಅಜ್ಜಿ ವಿವರಿಸಿದಳು.

ಗಳದಿಂದ ಫೋನು ಕಿತ್ತು ಅಜ್ಜಿಗೆ ಮಿಸ್ಡ್ ಕಾಲ್ ಕೊಟ್ಟೆ. ನನ್ನ ಕಾಲ ಬುಡದಲ್ಲೇ ಅವಳ ಫೋನು ಕುಣಿಯತೊಡಗಿತು. ಹಜಾರದ ಪ್ಲಗ್ಗು ಸುಟ್ಟಿದೆಯೆಂದು ನಾನೇ ಅದನ್ನು ಇಲ್ಲಿ ಚಾರ್ಜಿಗೆ ಹಾಕಿದ್ದೆ. ಅಪ್ಪ ಅಮ್ಮ ಯಾವುದೋ ಮದುವೆಯ ಊಟದ ಪಂಕ್ತಿಯಲ್ಲಿದ್ದರು, ಎತ್ತಲಿಲ್ಲ. ಕೊನೆಗೆ ದೊಡ್ಡಪ್ಪನಿಗೇ ಹಚ್ಚಿದೆ. ಹೆಡ್‌ಫೋನಿನಲ್ಲಿ ಅವನ ರಿಂಗು ಕೇಳಿತು, ಕತ್ತರಿಸಿದ್ದೂ ಕೇಳಿತು.

“ಯಾರಪ್ಪ?” ಅಂದಳು ಅಜ್ಜಿ.

“ಯಾರೂ ಇಲ್ಲ. ಕಂಪ್ನಿಯೋರು.”

ಆಗ ನನಗೆ ಅರ್ಥವಾಯಿತು. ದೊಡ್ಡಪ್ಪ ಭಾನುವಾರವನ್ನು ಆರಿಸಿಕೊಂಡದ್ದು ಚಿಲಕ ನೋಡಿಯೇ. ಹಿತ್ತಲ ಕಡೆಯ ಗೂಡಿನಂಥ ಕಿಟಕಿಯಿಂದ ಕಂಬಳಿ ಎಳೆದು ಕೂಗಿದೆ. ತಿಪ್ಪೆಯ ಮೇಲಿದ್ದ ಕೋಳಿಯೊಂದು ಕತ್ತು ಓರೆ ಮಾಡಿ ನೋಡಿ ಮತ್ತೆ ಕೆದರತೊಡಗಿತು. ತಗಡಿನ ಕಾವು ತಲೆಗೇರುತ್ತಿತ್ತು. ಸುತ್ತ ಕಪ್ಪು ಕಂಬಳಿಗಳು ನನ್ನ ಕೂಗನ್ನು ಗುಟುಕು ಗುಟುಕಾಗಿ ಉಣ್ಣುತ್ತಿದ್ದವು. ಇಷ್ಟು ದಿನ ನಾನು ಅವುಗಳನ್ನು ಮೆಚ್ಚಿದ್ದು ಇದಕ್ಕೇ.

ನನ್ನ ದನಿಗೆ ಬೆಲೆಯಿಲ್ಲವಾದರೆ ಬೇರೆಯವರದನ್ನು ತರೋಣ ಎಂದು ದೊಡ್ಡಪ್ಪನ ದನಿಯನ್ನೇ ಎತ್ತಿದೆ. ಅವನ ಮೂಗು, ಅವನ ಉಸಿರು, ಮಾತಿನ ಕೊನೆಗೆ ಎಲೆ ಅಡಿಕೆ ಒತ್ತರಿಸುವ ಸದ್ದು ಸಮೇತ. “ಅವ್ವಾ, ಚಿಲಕ ತಗಿಯವ್ವಾ, ಕ್ವಾಣೆ ಕೊಡಬ್ಯಾಡ!”

ಜಗುಲಿಯಲ್ಲಿ ನಗೆ ಎದ್ದಿತು. “ನೋಡ್ದೇನ್ಲೇ, ನಿನ್ನಂಗೇ ಮಾಡ್ತಾನೆ!” ಅಂದಳು ಅಜ್ಜಿ. ಹನುಮಂತಪ್ಪ, “ಭಾರಿ ಪ್ರತಿಭೆ ಕಣ್ರೀ, ಟೀವಿಗೆ ಕಳಿಸ್ರಿ,” ಅಂದ. ನಾನು ಒಳಗೆ ಸಾಯುತ್ತಿದ್ದರೂ ಹೊರಗೆ ಕಾರ್ಯಕ್ರಮ ಚೆನ್ನಾಗಿ ನಡೆಯುತ್ತಿತ್ತು.

“ಸರಿ ಹಂಗಾದ್ರೆ,” ಅಂದ ದೊಡ್ಡಪ್ಪ. “ಅವ್ವಾ, ಎಲೆ ಅಡಿಕೆ ತಟ್ಟೆ ಈ ಕಡೆ ತಾ. ಹನುಮಂತಪ್ನೋರೆ, ಅವ್ವನ ಕೈಗೆ ನೀವೇ ಕೊಡ್ರಿ.”

ತಟ್ಟೆ ನೆಲದ ಮೇಲೆ ಸರಿದ ಸದ್ದಾಯಿತು. ನಮ್ಮ ಕಡೆ ಒಪ್ಪಂದಕ್ಕೆ ರುಜು ಹಾಕುವುದು ಆಮೇಲಿನ ಮಾತು. ಎಲೆ ಅಡಿಕೆ ಕೈಗೆ ಬಂದರೆ ಮಾತು ಮುಗಿದ ಹಾಗೆ; ಒಮ್ಮೆ ತೆಗೆದುಕೊಂಡದ್ದನ್ನು ಅಜ್ಜಿ ವಾಪಸ್ ಇಟ್ಟದ್ದನ್ನು ನಾನು ಕಂಡಿಲ್ಲ.

ನಾನು ಎಂದೂ ಮಾಡದ ದನಿ ಒಂದಿತ್ತು. ಬರುವುದಿಲ್ಲವೆಂದಲ್ಲ. ಹೈಸ್ಕೂಲಿನವರೆಗೂ ಈ ಮನೆಯಲ್ಲೇ ಬೆಳೆದ ನಾನು ಸಂಜೆ ಸಂಜೆ ಅದನ್ನು ಕೇಳಿದ್ದೆ. ಕುರಿ ಹೊಡೆದುಕೊಂಡು ಬಂದ ತಾತ ಅಂಗಳದಾಚೆಯೇ ನಿಂತು ಮೊದಲು ಗಂಟಲು ಕೆರೆಯುತ್ತಿದ್ದ. ಆಮೇಲೆ ದಿನವಿಡೀ ಯಾರೊಂದಿಗೂ ಆಡದೆ ತುಕ್ಕು ಹಿಡಿದಿದ್ದ ದನಿಯಲ್ಲಿ ಒಂದೇ ಕರೆ. ಆ ದನಿ ನನ್ನ ಗಂಟಲಲ್ಲಿ ಕೂತಿತ್ತು. ಪೆಟ್ಟಿಗೆಗೆ ಮಾತ್ರ ಎಂದೂ ಇಳಿಸಿರಲಿಲ್ಲ.

ಬಾಗಿಲಿಗೆ ಬಾಯಿಟ್ಟು ಗಂಟಲು ಕೆರೆದೆ.

“ಹೋಯ್ ದುರ್ಗೀ. ಕದ ತಗೀ.”

ಕೋಣೆಯ ವಿಷಯ ಎತ್ತಲಿಲ್ಲ. ಎತ್ತಬೇಕೆಂದೇ ಬಾಯಿ ತೆರೆದಿದ್ದೆ. ಆದರೆ ಆ ದನಿಗೆ ತೆಂಗಿನಕಾಯಿ, ಬಾಡಿಗೆ ಇಂಥ ಮಾತು ಆಡಿ ಗೊತ್ತಿರಲಿಲ್ಲ.

ಹೆಡ್‌ಫೋನಿನಲ್ಲಿ ತಟ್ಟೆ ಮಗುಚಿದ ಸದ್ದು, ಅಡಿಕೆ ಉರುಳಿದ ಸದ್ದು. “ಯಾರ್ರೀ ಅದು?” ಎಂಬ ಹನುಮಂತಪ್ಪನ ಪಿಸುಮಾತು. ಚಿಲಕ ಸರಿಯಿತು.

ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ನನ್ನನ್ನು ನೋಡಲಿಲ್ಲ. ನನ್ನ ಹೆಗಲಾಚೆ ಕೋಣೆಯ ಒಂದೊಂದು ಮೂಲೆಯನ್ನೂ, ಕಂಬಳಿಯ ಸಾಲಿನ ಹಿಂದೆಯೂ ನೋಡಿದಳು. ಅವಳ ಬೆನ್ನಿಗೆ ದೊಡ್ಡಪ್ಪ ಜಗುಲಿಯಿಂದ ಇಳಿದು, ಹೆಗಲ ಟವೆಲ್ಲು ಕೈಗೆ ತೆಗೆದುಕೊಂಡು, ಸ್ಕೂಲು ಹುಡುಗನ ಹಾಗೆ ನಿಂತಿದ್ದ. ಟವೆಲ್ಲು ಯಾಕೆ ತೆಗೆದೆನೆಂದು ಅವನಿಗೇ ಗೊತ್ತಿದ್ದಂತಿರಲಿಲ್ಲ.

“ನೀನೇನಾ,” ಅಂದಳು ಅಜ್ಜಿ ಕೊನೆಗೆ.

“ನಾನೇ ಅಜ್ಜಿ. ದೊಡ್ಡಪ್ಪ ನನ್ನ ಕೇಳೇ ಇರ್ಲಿಲ್ಲ. ಅದಕ್ಕೇ...”

ಅವಳು ಕೇಳಿಸಿಕೊಳ್ಳಲಿಲ್ಲ. ಜಗುಲಿಯ ಕಡೆ ತಿರುಗಿ, “ಹನುಮಂತಪ್ನೋರೆ, ಕ್ವಾಣೆ ಕೊಡಲ್ಲ. ಬ್ಯಾಸರ ಮಾಡ್ಕಬ್ಯಾಡ್ರಿ. ಕಾಫಿ ಕುಡ್ಕಂಡು ಹೋಗ್ರಿ,” ಅಂದಳು. ಆತ ಕಾಫಿಗೆ ನಿಲ್ಲದೆ ಚಪ್ಪಲಿ ಮೆಟ್ಟಿದ. ದೊಡ್ಡಪ್ಪ ನನ್ನ ಹತ್ತಿರ ಬಂದು, “ಲೇ, ಸತ್ತೋರನ್ನೂ ಬಿಡಲ್ವೇನ್ಲೇ ನೀನು?” ಎಂದಷ್ಟೇ ಅಂದು ಅವನ ಹಿಂದೆಯೇ ಹೋದ.

ಗೆದ್ದೆ ಅಂದುಕೊಂಡೆ. ಕೋಣೆ ಉಳಿದಿತ್ತು. ದೀಪ ಹಚ್ಚುವ ಹೊತ್ತಿಗೆ ಪೆಟ್ಟಿಗೆ ಜೋಡಿಸಿಡುತ್ತಿದ್ದಾಗ ಅಜ್ಜಿ ಬಂದಳು.

“ಇನ್ನೊಂದು ಸಲ ಕರಿ.”

“ಬ್ಯಾಡಜ್ಜಿ. ತಪ್ಪಾಯ್ತು.”

“ನೀನೇ ಅಂತ ಗೊತ್ತೈತೆ ಕಣಪ್ಪ. ಗೊತ್ತಿದ್ರೇನು? ಕರಿ.”

ಲ್ಯಾಪ್‌ಟಾಪು ನಿಂತಿರಲಿಲ್ಲ, ಮಧ್ಯಾಹ್ನದ್ದೆಲ್ಲ ಅದರಲ್ಲಿ ಕೂತಿತ್ತು. ಸುಲಭವಾಯಿತೆಂದು ಅಜ್ಜಿಯ ಕಿವಿಗೆ ಹೆಡ್‌ಫೋನಿಟ್ಟು ಆ ಜಾಗ ಹುಡುಕಿ ಕೇಳಿಸಿದೆ. ಬೇಕಾದಾಗ ಕೇಳು, ಫೋನಿಗೆ ಹಾಕಿಕೊಡುತ್ತೇನೆ, ರಿಂಗ್‌ಟೋನೇ ಮಾಡಿಕೊಡುತ್ತೇನೆ ಎಂದೆ. ಅವಳು ತಲೆಯಲ್ಲಾಡಿಸಿ ಹೆಡ್‌ಫೋನು ತೆಗೆದಿಟ್ಟಳು.

“ಇದು ಮಿಷಿನ್ನು. ಕದದ ಹಿಂದೆ ಬರಬೇಕು. ನೀನು ಒಳಗಿರು, ಚಿಲಕ ಹಾಕ್ತೀನಿ.”

ಹಾಕಿದಳು. ನಾನು ಕರೆದೆ. ತೆಗೆದಳು. ಮತ್ತೆ ಮೂಲೆ ಮೂಲೆ ನೋಡಿದಳು. ಆಮೇಲೆ ಮುದ್ದೆಗೆ ಎಸರಿಡಲು ಹೋದಳು.

ಮುಂದಿನ ಭಾನುವಾರ ನಾನು ಬರುವ ಬಸ್ಸಿಗೆ ಮುಂಚೆಯೇ ಕಂಬಳಿಗಳನ್ನು ಕೊಡವಿ ಹಾಕಿದ್ದಳು. ಕೋಣೆ ಹಿಂದೆಂದಿಗಿಂತ ಚೊಕ್ಕಟ. ಒಳಚಿಲಕ ಇಡಿಸುತ್ತೇನೆಂದು ಹೊಳಲ್ಕೆರೆಯಿಂದ ಕೊಂಡು ತಂದಿದ್ದೆ. “ಯಾತಕ್ಕೆ? ನಾನಿಲ್ಲೇ ಇರ್ತೀನಲ್ಲ,” ಎಂದು ಅದನ್ನು ಕೈಯಿಂದ ಇಸಿದುಕೊಂಡು ಎಲ್ಲಿಟ್ಟಳೋ. ಈಗ ಅವಳು ಮೇಕೆ ಕಾಯುವುದಿಲ್ಲ, ಜಗುಲಿಗೆ ಹೋಗುವುದಿಲ್ಲ. ಬಾಗಿಲಿಗೆ ಒರಗಿ ಕೂರುತ್ತಾಳೆ. ಫೋನು ಕಟ್ಟಿ, ಚಪ್ಪಾಳೆ ತಟ್ಟಿ, ಗುಂಡಿಯ ಮೇಲೆ ಬೆರಳಿಟ್ಟರೆ ಹೆಡ್‌ಫೋನಿನ ತುಂಬ ಅವಳ ಉಸಿರು. ಸಂದಿಗೆ ಕಂಬಳಿ ಸುರುಳಿ ಒತ್ತಿದರೆ ಹೊರಗಿನಿಂದ ಬೆರಳು ಹಾಕಿ ಎಳೆದುಕೊಳ್ಳುತ್ತಾಳೆ. ಕಂಡಕ್ಟರು, ಕುಕ್ಕರು ಯಾವುದೂ ಬಾಯಿಗೆ ಬರುವುದಿಲ್ಲ. ಗಂಟಲಲ್ಲಿ ಆ ಒಂದು ದನಿ ಅಡ್ಡ ಕೂತಿರುತ್ತದೆ. ಅದನ್ನು ಕೊಡುವವರೆಗೆ ಚಿಲಕ ಅಲ್ಲಾಡುವುದಿಲ್ಲ. ಬರದೆ ಹೊಸದುರ್ಗದಲ್ಲೇ ಉಳಿದ ಒಂದು ವಾರ, ಊರಿಂದ ಬಂದ ಫೋನನ್ನು ಅಪ್ಪ ತಂದುಕೊಟ್ಟರು. “ಅಜ್ಜಿ ಊಟ ಬಿಟ್ಟವ್ಳಂತೆ, ಅದೇನು ನೋಡೋ,” ಅಂದರು.

ಮೊನ್ನೆ ಕರೆದೆ. “ಹೋಯ್ ದುರ್ಗೀ. ಕದ ತಗೀ.”

ಚಿಲಕ ಸರಿಯಲಿಲ್ಲ. ಬದಲಿಗೆ ಮೈಕಿನಲ್ಲಿ ಅವಳ ದನಿ ಬಂತು. ನನ್ನೊಂದಿಗೆ ಎಂದೂ ಆಡದ, ವಯಸ್ಸು ಕಡಿಮೆಯಾದಂಥ ದನಿ.

“ಇಷ್ಟ್ ಹೊತ್ತಾಯ್ತಲ್ಲ. ಕುರಿ ಯಾವ ಕಡಿಗೆ ಹೊಡ್ಕಂಡು ಹೋಗಿದ್ರಿ?”

ತಾತ ಕರೆಯುವುದನ್ನಷ್ಟೇ ನಾನು ಬಲ್ಲೆ. ಅವಳೊಂದಿಗೆ ಹೇಗೆ ಮಾತಾಡುತ್ತಿದ್ದನೋ ನನಗೆ ತಿಳಿಯದು. ಬಾಗಿಲು ತೆರೆದು, ಊಟ ಮುಗಿದು, ಅವರಿಬ್ಬರೇ ಆದ ಮೇಲಿನ ಮಾತು ಅದು, ಆ ಹೊತ್ತಿಗೆ ನಾನು ಮಲಗಿರುತ್ತಿದ್ದೆ. ಬೆವರು ಪೆಟ್ಟಿಗೆಯ ಮೇಲೆ ತೊಟ್ಟಿಕ್ಕಿತು. ಗಂಟಲು ಕೆರೆದೆ.

“ಹೊರಕೆರೆದೇವಪುರದ ಕಡೀಗೆ.”

“ಅಷ್ಟ್ ದೂರ ಯಾಕ್ ಹೋದ್ರಿ?” ಎಂದು ಅವಳು ಬಾಗಿಲಿಗೆ ಇನ್ನಷ್ಟು ಒರಗಿ ಕೂತಳು.