ಹಳದಿ ಎಲೆಗಳ ಮೂರು ದಿನ

ಗಣಪತಿ ಕಳಿಸಿ ವಾರವಾಗಿತ್ತು. ಇಂಡಿ ಊರಿನಿಂದ ಮೈದುನ ಶ್ರೀವಲ್ಲಭ ಹೆಂಡತಿ ಸಂಪದಾಳನ್ನು ಕಟ್ಟಿಕೊಂಡು ಬಸವನ ಬಾಗೇವಾಡಿಗೆ ಬಂದಿಳಿದಿದ್ದ, ಪ್ರವಾಸದ ಪ್ಲ್ಯಾನ್ ಮಾಡಲಿಕ್ಕೆ. ಪ್ಲ್ಯಾನ್ ಏನು ಮಣ್ಣು! ಮಾಡುವುದನ್ನೆಲ್ಲ ಅತ್ತಿಗೆ ನಲಿನಿ ಆಗಲೇ ಮಾಡಿ ಮುಗಿಸಿದ್ದಳು.

ನಲಿನಿ ಬ್ಯಾಂಕಿನಲ್ಲಿ ಕ್ಲಾರ್ಕು. ಹೊಸ ಮ್ಯಾನೇಜರು ಹಿಮಾಚಲದ ಫೋಟೋ ತೋರಿಸಿದ್ದೇ ತಡ, ಅವಳಿಗೆ ಅದೊಂದೇ ಹುಚ್ಚು. ಬೆಟ್ಟದ ಮೈಮೇಲೆ ಒಂದು ಕಟ್ಟಿಗೆ ಮನೆ, ಸುತ್ತ ಹಳದಿ, ಕೆಂಪಿಗೆ ತಿರುಗಿ ಎಲೆ ಉದುರಿಸುವ ಗಿಡಗಳು. ಎಸ್‌ಟಿಡಿ ಬೂತಿನಲ್ಲಿ ನಿಂತು, ಹರಕುಮುರುಕು ಹಿಂದಿಯಲ್ಲಿ ಜಗ್ಗಾಡಿ, ಅಕ್ಟೋಬರ್ ಇಪ್ಪತ್ತೊಂದರಿಂದ ಮೂರು ದಿನಕ್ಕೆ ಆ ಮನೆ ಹಿಡಿದಿದ್ದಳು. ರಜೆ ಅವಳದು, ಟಿಕೆಟ್ಟಿನ ಖರ್ಚು ಅವಳ ಬ್ಯಾಂಕಿನದು.

"ಎಲಿ ಉದುರೂದು ನೋಡ್ಲಿಕ್ಕೆ ಅಷ್ಟು ದೂರ ಯಾಕ? ಹಿತ್ತಲದಾಗ ಬೇವಿನ ಗಿಡ ಅದ, ದಿನಾ ಕಸಾ ಹೊಡೀತೀನಿ," ಎಂದು ಅತ್ತೆ ತುಂಗಕ್ಕ ಮೂಗು ಮುರಿದರು.

"ಇರ್ಲಿ ಬಿಡವಾ," ಎಂದ ಶ್ರೀವಲ್ಲಭ. "ನಾ ಫೋನ್ ಮಾಡಿ ಕೇಳೀನಿ. ಅಲ್ಲೆ ಅಡಿಗಿಮನಿ ಅದ, ಗ್ಯಾಸ್ ಅದ. ನಲಿನಿ ವೈನಿ ಇದ್ದಾರ, ಹೊರಗಿನ ಕೂಳು ತಿನ್ನೂ ಪ್ರಸಂಗನ ಇಲ್ಲ. ಥಂಡಿ ಒಳಗ ಬಿಸಿಬಿಸಿ ಭಜಿ!"

ನಲಿನಿಯ ಮೈ ಉರಿದುಹೋಯಿತು. ಮದುವೆಯಾಗಿ ಹನ್ನೊಂದು ವರ್ಷ. ತಿರುಪತಿ, ಪಂಢರಪುರ, ಗೋಕರ್ಣ, ಎಲ್ಲ ಕಡೆ ಹೋಗಿದ್ದಳು; ಎಲ್ಲ ಕಡೆ ಅವಳು ಕಂಡದ್ದು ಪಂಪ್ ಸ್ಟೋವು. ಗೋಕರ್ಣದಲ್ಲಿ ಸಮುದ್ರದ ಸಪ್ಪಳ ಕೇಳಿದ್ದಳೇ ಹೊರತು ಸಮುದ್ರ ನೋಡಿರಲಿಲ್ಲ. ಹೊರಗಿನದು ಮುಟ್ಟದ ಮಡಿವಂತರಂತೆ ಇವರು! ಒಳಗೆ ಬೇಯಿಸಿದ್ದನ್ನು ಮಾತ್ರ ಮೂರು ಹೊತ್ತೂ ಬಾರಿಸಬೇಕು. ಈ ಸಲ ಆ ಎಲೆಗಳನ್ನು ಕಣ್ತುಂಬ ನೋಡದೆ ಬರುವುದಿಲ್ಲವೆಂದು ಅವಳು ಹಟ ಹಿಡಿದಿದ್ದಳು.

"ಇಪ್ಪತ್ತೊಂದು ಅಂದ್ಯಾ?" ತುಂಗಕ್ಕ ಬೆರಳು ಮಡಚಿ ಎಣಿಸಿದರು. ಮುಖ ಗಂಟಿಕ್ಕಿತು. "ಅಯ್ಯ ಶಿವನ, ಆ ಮೂರೂ ದಿನ ನೀ ದೂರ ಕೂಡೂ ದಿನ!"

ತಿಂಗಳ ಆ ಮೂರು ದಿನ ಈ ಮನೆಯ ಹೆಂಗಸು ಒಲೆ ಮುಟ್ಟುವಂತಿಲ್ಲ. ಬೇರೆ ಚಾಪೆ, ಬೇರೆ ತಾಟು. ನಲಿನಿಯದು ಒಂದು ದಿನ ಹಿಂದಿಲ್ಲ, ಮುಂದಿಲ್ಲ.

"ಅದರ ಮುಂದಿನ ವಾರಕ್ಕ ಮಾಡು."

"ಅಷ್ಟೊತ್ತಿಗೆ ಗಿಡ ಬೋಳಾಗಿರ್ತಾವ್ರಿ."

"ಹಂಗಾದ್ರ ಗುಳಿಗಿ ನುಂಗು." ತುಂಗಕ್ಕ ಕಪಾಟಿನಿಂದ ಮಾತ್ರೆಯ ಪಟ್ಟಿ ತೆಗೆದು ಟಪ್ಪೆಂದು ಅವಳ ಮುಂದೆ ಒಗೆದರು. ಮುಟ್ಟು ಮುಂದೂಡುವ ಮಾತ್ರೆ. ಶ್ರಾದ್ಧ ಬಂದರೆ ನುಂಗು, ನವರಾತ್ರಿ ಬಂದರೆ ನುಂಗು, ಊರಿಗೆ ಹೊರಟರೆ ನುಂಗು.

"ನುಂಗ್ರಿ ವೈನಿ, ಏನಾಗ್ತದ?" ಎಂದಳು ಸಂಪದಾ. "ನಮಗೂ ಒಂದೀಟು ಆರಾಮ ಬ್ಯಾಡೇನು?"

"ನುಂಗೂದಿಲ್ಲ," ಎಂದಳು ನಲಿನಿ. "ತಿಳದು, ಬೇಕಂತನ ಆ ತಾರೀಖು ಹಿಡದೀನಿ."

ಸೂಟ್‌ಕೇಸಿನ ಝಿಪ್ಪಿಗೆ ಮೇಣ ತಿಕ್ಕುತ್ತ ಕೂತಿದ್ದ ಗಂಡ ಗುರುರಾಜ ತಲೆ ಎತ್ತಿದ. "ತಲಿ ಕೆಟ್ಟದೇನು? ಮನಿ ಮರ್ಯಾದಿ ಕಳೀತೀ?"

"ಹನ್ನೊಂದು ವರ್ಷ ಗುಳಿಗಿ ನುಂಗಿ ವಾಂತಿ ಮಾಡ್ಕೊಂಡಾಕಿ ನಾನು. ಹೆಂಗಿದ್ದಿ ಅಂತ ಒಂದಿನ ಕೇಳೀರೇನು? ಮರ್ಯಾದಿ ಅಂತ, ಮರ್ಯಾದಿ!"

"ಹಂಗಾದ್ರ ಯಾರೂ ಹೋಗೂದು ಬ್ಯಾಡ," ಎಂದು ಶ್ರೀವಲ್ಲಭ ಎದ್ದು ನಿಂತ.

"ಬ್ಯಾಡಂದ್ರ ಬಿಡ್ರಿ. ನಾ ಒಬ್ಬಾಕಿನ ಹೋಗ್ತೀನಿ."

ಶ್ರೀವಲ್ಲಭ ಅಣ್ಣನ ಮುಖ ನೋಡಿದ. ಅಣ್ಣ ಝಿಪ್ಪಿನ ಮುಖ ನೋಡಿದ. ರಜೆ, ಟಿಕೆಟ್ಟು, ಮನೆ, ಎಲ್ಲ ಅವಳ ಹೆಸರಿನಲ್ಲೇ ಇದ್ದವು. ಕಡೆಗೆ ತುಂಗಕ್ಕನೇ ಕಟಕಟ ಹಲ್ಲು ಕಡಿದರು.

"ಆತು, ಬಾ! ಅಡಿಗಿ ಸಂಪದಾ ಮಾಡ್ತಾಳ. ಖರೇ ಒಳಗ ಕಾಲಿಟ್ಟೀ ಅಂದ್ರ ನೋಡು. ಮೂರೂ ದಿನ ಹೊರಗ ವರಾಂಡದಾಗ ಬಿದ್ದಿರಬೇಕು. ಥಂಡಿಲೆ ಸೆಟೆದ್ರೂ ಒಳಗ ಕರಿಯೂದಿಲ್ಲ."

"ಅಲ್ಲೇ ಕೂಡ್ತೀನ್ರಿ," ಎಂದಳು ನಲಿನಿ. "ಗಿಡ ಕಾಣೂದು ಅಲ್ಲಿಂದನ."

ಸಂಪದಾ ಕೈಯಲ್ಲಿದ್ದ ಚಹಾದ ಬಸಿಯನ್ನು ಧಡ್ಡನೆ ಕೆಳಗಿಟ್ಟಳು.

"ಮತ್ತ ನಾ ಯಾವಾಗ ನೋಡ್ಲಿ?"

ನಲಿನಿ ಹನ್ನೊಂದು ವರ್ಷ ಬಾಯಿಬಿಟ್ಟು ಕೇಳಲಾಗದ್ದನ್ನು ಅವಳು ಒಂದೇ ನಿಮಿಷದಲ್ಲಿ ಕೇಳಿದ್ದಳು. ಗುರುರಾಜ ಮತ್ತೆ ಝಿಪ್ಪಿಗೆ ಮೇಣ ತಿಕ್ಕತೊಡಗಿದ.