ಒಂದೇ ಗಂಟಿನ ದಾರ

ಕಾಡಿನಲ್ಲಿರುವವರು ಅಂಗಿಯ ಅಳತೆ ಕೊಡಲು ದರ್ಜಿಯಮ್ಮನ ಅಂಗಡಿಗೆ ಬರುವಂತಿರಲಿಲ್ಲ. ಬಂದರೆ ಎದುರಿನ ಠಾಣೆಯವರು ಬೇರೆಯೇ ಅಳತೆ ತೆಗೆಯುತ್ತಿದ್ದರು. ಅದಕ್ಕೇ ಅವರು ಅವಳ ಹಿತ್ತಿಲ ಕಲ್ಲಿನಡಿ ದಾರ ಇಟ್ಟು ಹೋಗುತ್ತಿದ್ದರು. ಮೊದಲ ಗಂಟು ಭುಜಕ್ಕೆ, ಎರಡನೆಯದು ತೋಳಿಗೆ, ಮೂರನೆಯದು ಎದೆಗೆ, ಕೊನೆಯದು ಉದ್ದಕ್ಕೆ. ಹೊಲಿದ ಅಂಗಿಯನ್ನು ಅಲ್ಲೇ ಇಟ್ಟರೆ ಬೆಳಗಾಗುವಷ್ಟರಲ್ಲಿ ಮಾಯ. ತರಗೆಲೆ ಅಲುಗಿದರೂ ಊರೆಬ್ಬಿಸುವ ಅವಳ ನಾಯಿ ಆಗ ಮಾತ್ರ ಬೊಗಳುತ್ತಿರಲಿಲ್ಲ.

ಗಂಟುಗಳನ್ನು ಎಡಕ್ಕೆ ತಿರುಚಿ ಬಿಗಿಯುತ್ತಿದ್ದವನು ಅವಳ ತಮ್ಮ. ಎಡಚಿಯಾದ ಅವಳೇ ಕಲಿಸಿದ ಗಂಟು ಅದು. ಬಿದಿರಿನಂತೆ ಉದ್ದಕ್ಕಿದ್ದ ಅವನನ್ನು ಊರು 'ಗಳ' ಎಂದೇ ಕರೆಯುತ್ತಿತ್ತು. ಅಕ್ಕನ ಮನೆಗೆ ಬಂದಾಗಲೆಲ್ಲ ಬಾಗಿಲ ಮೇಲ್ಪಟ್ಟಿಗೆ ಹಣೆ ಬಡಿಸಿಕೊಳ್ಳದೆ ಒಳಗೆ ಬಂದವನಲ್ಲ. ಕಾಲುವೆ ಕೆಳಗಿನ ಅವರ ಹೊಲಕ್ಕೆ ಧಣಿ ಬೇಲಿ ಹಾಕಿ ನುಂಗಿ ನೀರು ಕುಡಿದ ವರ್ಷ, ಅದೇ ಬಾಗಿಲಲ್ಲಿ ನಿಂತು, "ನಮ್ಮ ಭೂಮಿ ಬಿಟ್ಟು ಎಲ್ಲಿಗೆ ಹೋಗ್ಲಿ ಅಕ್ಕಾ?" ಅಂದಿದ್ದ. ಹಾಗೆಂದವನೇ ಬಂದೂಕು ಹಿಡಿದು ಕಾಡು ಸೇರಿದ.

ಹೋದ ತಿಂಗಳು ಪೊಲೀಸರು ಕಾಡಿನ ಅಡಗುದಾಣಕ್ಕೆ ನೇರವಾಗಿ ನುಗ್ಗಿ ಮೂವರನ್ನು ಕೊಂದರು. ಅದಾದ ಮೇಲೆ ಧಣಿ ಆ ಹೊಲವನ್ನು ಅವಳ ಗಂಡನ ಹೆಸರಿಗೆ ಬರೆದುಕೊಟ್ಟ. ಧಣಿಗೆ ದಿಢೀರನೆ ಧರ್ಮಬುದ್ಧಿ ಬಂದದ್ದು ಹೇಗೆಂದು ಅವಳು ಕೇಳಲಿಲ್ಲ. ಕೇಳಲು ಹೆದರಿಕೆಯಾಗಿತ್ತು.

ಇವತ್ತು ಕಲ್ಲಿನಡಿ ಸಿಕ್ಕ ದಾರ ಮಾರುದ್ದವಿತ್ತು. ಗಂಟು ತುದಿಯಲ್ಲಿ ಒಂದೇ ಒಂದು. ಅಂಗಿಗೆ ಅಷ್ಟುದ್ದ ಬೇಡ. ತಲೆಯಿಂದ ಕಾಲಿನವರೆಗೆ ಅಳೆಯುವುದು ಹೆಣದ ಬಟ್ಟೆಗೆ.

ತಮ್ಮ ಹೋದನೆಂದುಕೊಂಡಳು. ಬಾಗಿಲಿಗೆ ಓಡಿ, ದಾರದ ಬುಡವನ್ನು ಹೊಸ್ತಿಲಿಗೆ ಒತ್ತಿ, ಗಂಟನ್ನು ಚೌಕಟ್ಟಿನ ಮೇಲೆ ಎಳೆದು ಸೂಜಿ ಚುಚ್ಚಿದಳು. ಮೇಲ್ಪಟ್ಟಿಗೆ ಒಂದು ಗೇಣು ಕಡಿಮೆ ಬಿತ್ತು. ಗಳನಲ್ಲ. ಹೋದ ಜೀವ ಬಂದಂತಾಗಿ ಗಂಟನ್ನು ಮುಟ್ಟಿ ನೋಡಿದಳು, ಎಡಕ್ಕೆ ತಿರುಚಿತ್ತು. ಹಾಕಿದವನು ತಮ್ಮನೇ.

ಅಷ್ಟರಲ್ಲಿ ಗಂಡ ಬೀಜದ ಬುಟ್ಟಿ ಹಿಡಿದು ಬಂದು ಚೌಕಟ್ಟಿಗೆ ಒರಗಿ ನಿಂತ. ಸೂಜಿ ಅವನ ನೆತ್ತಿಗೆ ಸರಿಯಾಗಿತ್ತು.

"ಯಾರದ್ದೇ ಅದು ಅಳತೆ?"

ಅವಳ ಕಣ್ಣು ಸೂಜಿಯಿಂದ ಅವನ ನೆತ್ತಿಗೆ ಸರಿಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಅವನು ನೆತ್ತಿ ಮುಟ್ಟಿಕೊಂಡ.

"ನಾನು ದಾರಿ ಮಾತ್ರ ತೋರ್ಸಿದ್ದು," ಅಂದ. "ಕೊಲ್ತಾರೆ ಅಂತ ಗೊತ್ತಿರ್ಲಿಲ್ಲ."

"ನನ್ನ ತಮ್ಮನೂ ಅಲ್ಲೇ ಇದ್ದ ಕಣ್ರೀ." ಅವಳಿಗೆ ಅವನ ಮೇಲೆ ಅಸಹ್ಯವೂ ಆಯಿತು, ಜೀವವೂ ಹಿಂಡಿತು. "ಈಗ್ಲೇ ಊರು ಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಬಿತ್ತನೆ ಸಮಯ. ನಮ್ಮ ಭೂಮಿ ಬಿಟ್ಟು ಎಲ್ಲಿಗೆ ಹೋಗ್ಲಿ?"

ಅದೇ ಬಾಗಿಲು, ಅದೇ ಮಾತು. ಅವನು ಬುಟ್ಟಿ ಎತ್ತಿಕೊಂಡು ಕಾಲುವೆಯ ಕಡೆ ನಡೆದುಬಿಟ್ಟ.

ಅವಳು ದಾರದ ಪಕ್ಕ ತಾನೇ ಬೆನ್ನು ಕೊಟ್ಟು ನಿಂತಳು. ತನ್ನ ನೆತ್ತಿಯ ಮಟ್ಟಕ್ಕೆ ಇನ್ನೊಂದು ಗಂಟು ಹಾಕಿ, ಎಡಕ್ಕೆ ತಿರುಚಿ ಬಿಗಿದಳು. ನನ್ನ ಗಂಡನನ್ನು ಕೊಲ್ಲುವುದಾದರೆ ನನ್ನನ್ನೂ ಕೊಲ್ಲು ಎಂದು ತಮ್ಮನಿಗೆ ಹೇಳಲು ಅವಳಿಗಿದ್ದದ್ದು ಆ ಒಂದೇ ದಾರಿ. ದಾರವನ್ನು ಕಲ್ಲಿನಡಿ ಇಟ್ಟು ಬಂದಳು.

ಆ ರಾತ್ರಿ ನಾಯಿ ಬೊಗಳಲಿಲ್ಲ.

ಬೆಳಿಗ್ಗೆ ದಾರ ಅಲ್ಲೇ ಇತ್ತು. ಅವಳ ಗಂಟನ್ನು ಯಾರೋ ಎಳೆ ಹರಿಯದ ಹಾಗೆ ನಾಜೂಕಾಗಿ ಬಿಚ್ಚಿದ್ದರು. ಗಂಡನ ಅಳತೆಯ ಗಂಟು ಹಾಗೇ ಇತ್ತು. ಅವಳು ಗಂಡನನ್ನು ಕೂಗುತ್ತಾ ಒಳಗೆ ಓಡಿದಳು. ರಾತ್ರಿ ಅವನು ತಂದಿಟ್ಟಿದ್ದ ಬೀಜದ ಬುಟ್ಟಿ ಮೂಲೆಯಲ್ಲಿರಲಿಲ್ಲ. ಅವನು ಆಗಲೇ ಹೊಲಕ್ಕೆ ಹೋಗಿದ್ದ.